ನೀಲಿ ಚುಕ್ಕೆ ಇಲ್ಲದ ತಟ್ಟೆ

ಎಷ್ಟು ಹುಡುಕಿದರೂ ಗಾಜಿನ ತಟ್ಟೆಯಲ್ಲಿ ಒಂದೇ ಒಂದು ನೀಲಿ ಚುಕ್ಕೆ ಸಿಗಲಿಲ್ಲ. ಸಂಶೋಧಕ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಬ್ಯಾಕ್ಟೀರಿಯಾದ ಗುಂಪುಗಳೆಲ್ಲ ಹಾಲಿನಂತೆ ಬೆಳ್ಳಗಿದ್ದವು.

ಅವನು ಸಾಕಿದ್ದ ಆ ಬ್ಯಾಕ್ಟೀರಿಯಾದೊಳಗೆ ಕೂತಲ್ಲಿ ಕೂರದ ಒಂದು ಜೀನ್ ಇತ್ತು. ಒಂದು ಕಿಣ್ವ ಅದನ್ನು ಇದ್ದ ಜಾಗದಿಂದ ಕತ್ತರಿಸಿ ಇನ್ನೆಲ್ಲೋ ಅಂಟಿಸುತ್ತಿತ್ತು. ಹಾಗೆ ಎತ್ತಂಗಡಿಯಾದಾಗ ನೀಲಿ ಚುಕ್ಕೆ ಏಳಬೇಕು. ಆ ಕಿಣ್ವದ ಕೈ ಕಟ್ಟಿಹಾಕುವ ರಾಸಾಯನಿಕ ಹುಡುಕುವುದೇ ಅವನ ಕೆಲಸ. ಈ ತಟ್ಟೆಗೆ ಹೊಸದೊಂದನ್ನು ಹಾಕಿ ನೋಡಿದ್ದ. ಸಿಕ್ಕರೆ ನೌಕರಿ ಮುಂದುವರಿಯುತ್ತದೆ, ಇಲ್ಲದಿದ್ದರೆ ತಿಂಗಳ ಕೊನೆಗೆ ಬೇರೆ ಊರು. ಮದುವೆಯಾದಾಗಿನಿಂದ ಅವರದು ಬರೀ ಬೇರೆ ಊರೇ. ಈ ಮನೆಯಲ್ಲಂತೂ ಹೆಂಡತಿ ಪೆಟ್ಟಿಗೆಗಳ ಹಗ್ಗವನ್ನೇ ಬಿಚ್ಚಿರಲಿಲ್ಲ.

ಅವನು ಮನೆಗೆ ಫೋನ್ ಮಾಡಿದ. "ಪೆಟ್ಟಿಗೆ ಬಿಚ್ಚು."

"ಖಂಡಿತಾನಾ ರೀ?"

"ಬೇಕಾದ್ರೆ ಗೋಡೆಗೆ ಮೊಳೆ ಹೊಡಿ."

ಆಮೇಲೆ ತಟ್ಟೆ ಹಿಡಿದು ಮೇಡಂ ಕೋಣೆಗೆ ಹೋದ. ಪ್ರಯೋಗಾಲಯದ ಮುಖ್ಯಸ್ಥೆ ಟೀಯಲ್ಲಿ ಬಿಸ್ಕತ್ತು ಅದ್ದುತ್ತಿದ್ದರು. ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಚೆನ್ನಾಗಿದೆಯಪ್ಪಾ. ರಾಸಾಯನಿಕ ಹಾಕದ ತಟ್ಟೆ ಎಲ್ಲಿ?"

ಖುಷಿಯಲ್ಲಿ ಅದನ್ನು ನೋಡುವುದೇ ಮರೆತುಹೋಗಿತ್ತು. ಓಡಿಹೋಗಿ ತಂದ. ನೀಲಿ ಚುಕ್ಕೆ ಏಳಲೇಬೇಕಿದ್ದ ಅದೂ ಬೆಳ್ಳಗಿತ್ತು.

"ಇದಕ್ಕೆ ನಿನ್ನ ರಾಸಾಯನಿಕದ ಗಾಳಿ ಸೋಕಿತೇನೋ," ಎಂದರು ಮೇಡಂ. "ನೀಲಿ ಬರಿಸೋ ದ್ರಾವಣ ಹಾಕಿದ್ಯಾ?"

ಬೆಳಕು ತಾಗದಂತೆ ಅಲ್ಯೂಮಿನಿಯಂ ಹಾಳೆ ಸುತ್ತಿದ್ದ ಆ ಸೀಸೆ, ಮುಚ್ಚಳ ಕೂಡ ತೆಗೆಸಿಕೊಳ್ಳದೆ ಫ್ರಿಜ್ಜಿನಲ್ಲಿ ತಣ್ಣಗೆ ಕೂತಿತ್ತು.

"ಮತ್ತೆ ಮಾಡೋಕೆ ವಾರ ಬೇಕು. ನಿನ್ನ ನೌಕರಿ ತೀರ್ಮಾನಿಸೋ ಸಮಿತಿಯವರು ನಾಳೆ ಬರ್ತಾರೆ. ಏನು ತೋರಿಸ್ತೀಯ?"

ಮೊದಲನೆಯ ತಟ್ಟೆಯೊಂದನ್ನೇ ತೋರಿಸಿದರೆ ಸಮಿತಿ ಬೆನ್ನು ತಟ್ಟಿ ಹೋಗುತ್ತದೆಂದು ಇಬ್ಬರಿಗೂ ಗೊತ್ತಿತ್ತು.

"ಎರಡೂ," ಎಂದ. ಹೇಳಿದ ಮೇಲೆ ಅಳುವೇ ಬಂದಂತಾಯಿತು. ಮೇಡಂ ಅವನತ್ತ ಒಂದು ಬಿಸ್ಕತ್ತು ಸರಿಸಿದರು.

ಮನೆಗೆ ಬಂದರೆ ಖಾಲಿ ಪೆಟ್ಟಿಗೆಗಳು ಚಪ್ಪಟೆಯಾಗಿ ಬಾಗಿಲ ಹೊರಗೆ ಬಿದ್ದಿದ್ದವು. ಹೆಂಡತಿ ಸ್ಟೂಲಿನ ಮೇಲೆ ನಿಂತು, ಬಾಯಲ್ಲಿ ಮೊಳೆ ಕಚ್ಚಿಕೊಂಡು ಗೋಡೆ ಕುಟ್ಟುತ್ತಿದ್ದಳು. ಗಡಿಯಾರ ಆಗಲೇ ನೇತಾಡುತ್ತಿತ್ತು. ಅವನು ಅಲುಗಾಡುತ್ತಿದ್ದ ಸ್ಟೂಲನ್ನು ಹಿಡಿದುಕೊಂಡು, ನಡೆದದ್ದನ್ನೆಲ್ಲ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡು, ಬಾಯಲ್ಲಿದ್ದ ಮೊಳೆಯನ್ನು ತೆಗೆದು ಗೋಡೆಗೆ ಹೊಡೆದಳು.

"ಆ ಜೀನ್ ಎಲ್ಲಿಗೆ ಬೇಕಾದ್ರೂ ಹಾರಲಿ ರೀ. ನಾನು ಇಲ್ಲಿಂದ ಕದಲೋಳಲ್ಲ. ಇನ್ನೊಂದು ಮೊಳೆ ಕೊಡಿ."