ಬಿಸಿ ಆರದ ಬಂಡೆ

‘ಯಾರಿಗೂ ಉಪಯೋಗವಿಲ್ಲದ ಬರಡು ಬಂಡೆ’ ಎಂಬಲ್ಲಿಗೆ ಬಂದಾಗ ಶಿವಲಕ್ಷ್ಮಿಯ ಬೆರಳುಗಳು ಕೀಬೋರ್ಡಿನ ಮೇಲೆ ನಿಂತುಬಿಟ್ಟವು. ಗಣಿಗಾರಿಕೆಗೆ ಅನುಮತಿ ಕೊಡಿ ಎಂದು ಕಲ್ಲುಕ್ವಾರಿ ಮಾಲೀಕರ ಸಂಘ ಮಂತ್ರಿಗಳಿಗೆ ಬರೆದ ಮನವಿ ಅದು. ಆ ಸಾಲಿನಲ್ಲಿದ್ದದ್ದು ಅವಳ ತವರು ಕೂಟಗಲ್ಲಿನ ಬಂಡೆ.

“ಸಾರ್, ಇದ್ರ ಮೇಲೆ ನಮ್ಮವ್ವ ರಾಗಿ ಒಣಗಾಕೋಳು.”

“ಈಗೆಲ್ಲಾ ಟಾರ್ ರೋಡ್ ಮೇಲೇ ಹರವ್ತಾರಲ್ಲಮ್ಮ,” ಅಂದರು ಸಂಘದ ಕಾರ್ಯದರ್ಶಿ ದೇವರಾಜು. “ಆ ರೋಡ್‌ಗೆ ಜಲ್ಲಿ ಎಲ್ಲಿಂದ ಬತ್ತು ಅಂತೀಯ?”

ಮಾತು ಸುಳ್ಳಲ್ಲ. ಆದರೆ ಹೊತ್ತು ಮುಳುಗುವಾಗ ರಾಗಿಯನ್ನೆಲ್ಲ ಗುಡಿಸಿ ಮೂಟೆ ಕಟ್ಟಿದ ಮೇಲೆ, ಇನ್ನೂ ಬಿಸಿ ಆರದ ಆ ಬಂಡೆಯ ಮೇಲೆ ಅವ್ವ ಉದ್ದಕ್ಕೆ ಮಲಗುತ್ತಿದ್ದಳು. ‘ಒಸಿ ಬೆನ್ನು ಕಾಯಿಸ್ಕಳಾವ ಬಾ ಮಗ’ ಎಂದು ಪಕ್ಕಕ್ಕೆ ಕರೆಯುತ್ತಿದ್ದಳು. ಅವ್ವ ಕೈಕಾಲು ಚಾಚಿ ಸುಮ್ಮನಿದ್ದುದನ್ನು ಶಿವಲಕ್ಷ್ಮಿ ನೋಡಿದ್ದು ಅಲ್ಲೊಂದೇ ಕಡೆ.

“ಸಂಜೆ ರೋಡ್ ಮೇಲೆ ಮನಿಕೊಳ್ಳಕ್ಕಾಯ್ತದಾ ಸಾರ್?”

ದೇವರಾಜು ನಗಲಿಲ್ಲ. “ಅವ್ವ ಇನ್ನೂ ಅವ್ರಾ?”

“ಹೋಗಿ ಆರು ವರ್ಸ ಆಯ್ತು.”

ಅವರು ಜೇಬಿನಿಂದ ಪೆನ್ನು ತೆಗೆದು ಕರಡಿನಲ್ಲಿ ಒಂದೇ ಒಂದು ಪದ ಸೇರಿಸಿದರು. “ತಗೋ, ಹಿಂಗೆ ಹೊಡಿಯಮ್ಮ,” ಎಂದು ಮೆಲ್ಲಗೆ ಅವಳ ಮುಂದಿಟ್ಟರು.

ಅವಳು ಹೊಡೆದಳು: ‘ಈಗ ಯಾರಿಗೂ ಉಪಯೋಗವಿಲ್ಲದ ಬರಡು ಬಂಡೆ.’ ಓದಿ ನೋಡಿದಳು. ತಿದ್ದುವುದಕ್ಕೆ ಏನೂ ಉಳಿದಿರಲಿಲ್ಲ. ಕಬ್ಬಿಣದ ಕುರ್ಚಿಗೆ ಬೆನ್ನು ಒರಗಿಸಿದಳು. ತಣ್ಣಗಿತ್ತು.