ಕಾಶಿಯಲ್ಲಿ ಬಿಟ್ಟದ್ದು

ಸಕ್ಕರೆ ಕಾಯಿಲೆಯ ನಂಜುಂಡಯ್ಯನವರಿಗೆ ಡಾಕ್ಟರು, ದಿನಕ್ಕೆ ಒಂದು ಹೋಳು ಮಾವಿನಹಣ್ಣು ತಿನ್ನಬಹುದು ಎಂದಿದ್ದರು. ಹೋಳು ಎಷ್ಟು ದೊಡ್ಡದಿರಬೇಕೆಂದು ಹೇಳಿರಲಿಲ್ಲ. ನಂಜುಂಡಯ್ಯ ಹಣ್ಣನ್ನು ಎರಡೇ ಹೋಳು ಮಾಡುತ್ತಿದ್ದರು. ವಾಟೆ ಲೆಕ್ಕಕ್ಕಿಲ್ಲ ಎನ್ನುತ್ತಿದ್ದರು.

ಹೆಂಡತಿ ಇಂದಿರಮ್ಮ ದಿನಾ ಬೆಳಗ್ಗೆ ಒಂದು ಲೋಟ ಹಾಗಲಕಾಯಿ ರಸ ಕುಡಿಸಿ, ಹಣ್ಣಿನ ಬುಟ್ಟಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಸಾಕಾಗಿ, ಕೊನೆಗೆ ಗಂಡನನ್ನು ಕಾಶಿಗೇ ಕರೆದುಕೊಂಡು ಹೋದರು. ಅಲ್ಲಿ ಗಂಗೆಯಲ್ಲಿ ಬಿಟ್ಟು ಬಂದದ್ದನ್ನು ಸಾಯುವವರೆಗೂ ಬಾಯಿಗಿಡುವ ಹಾಗಿಲ್ಲವಲ್ಲ!

"ಹಣ್ಣೋ ಕಾಯೋ, ಯಾವುದಾದರೂ ಒಂದನ್ನು ಮನಸ್ಸಿನಲ್ಲೇ ನೆನೆದು ಬಿಟ್ಟುಬಿಡಿ," ಎಂದರು ಪುರೋಹಿತರು. ನಂಜುಂಡಯ್ಯ ಕಣ್ಣು ಮುಚ್ಚಿ ಮುಳುಗಿ ಎದ್ದರು.

"ಬಿಟ್ರಾ?" ಇಂದಿರಮ್ಮ ಮೆಟ್ಟಿಲ ಮೇಲಿಂದಲೇ ಕೇಳಿದರು.

"ಬಿಟ್ಟೆ ಕಣೇ. ಮನಸಾರೆ ಬಿಟ್ಟೆ."

ಆಕೆಯ ಕಣ್ಣಲ್ಲಿ ನೀರೇ ಬಂತು. ರೈಲಿನಲ್ಲಿ ಪಕ್ಕದವರಿಗೆಲ್ಲ "ನಮ್ಮನೆಯವರು ಮಾವಿನಹಣ್ಣು ಬಿಟ್ಟರು" ಎಂದು ಹೇಳಿಕೊಂಡೇ ಬಂದರು. ನಂಜುಂಡಯ್ಯ ಕಿಟಕಿಯಾಚೆ ನೋಡುತ್ತಿದ್ದರು. ಊರಿಗೆ ಬಂದದ್ದೇ ಇಂದಿರಮ್ಮ ಬೀರುವಿನ ಬೀಗ ತೆಗೆದರು, ಹೊಸದಾಗಿ ತಂದ ಬಾದಾಮಿ ಮಾವನ್ನು ಧೈರ್ಯವಾಗಿ ಮೇಜಿನ ಮೇಲೇ ಇಟ್ಟರು.

ಮರುದಿನ ಬೆಳಗ್ಗೆ ಎಂದಿನಂತೆ ಲೋಟ ಹಿಡಿದು ಬಂದರೆ, ಗಂಡ ಎರಡನೇ ಹಣ್ಣಿನ ವಾಟೆ ಚೀಪುತ್ತಿದ್ದರು.

"ಅಯ್ಯೋ! ಗಂಗಮ್ಮನಿಗೆ ಕೊಟ್ಟ ಮಾತಿಗೆ ತಪ್ತೀರೇನ್ರೀ?"

"ಛೆ ಛೆ, ಎಲ್ಲಾದ್ರೂ ಉಂಟೇನೇ?" ನಂಜುಂಡಯ್ಯ ಮೊಣಕೈವರೆಗೆ ಇಳಿದದ್ದನ್ನು ನೆಕ್ಕಿ, ಆಕೆಯ ಕೈಯಲ್ಲಿದ್ದ ಲೋಟ ತೋರಿಸಿದರು. "ಅದಕ್ಕೇ ಹೇಳ್ತಿದೀನಿ, ಇನ್ನು ಆ ಹಾಗಲಕಾಯಿನ ನನ್ನ ಹತ್ರಕ್ಕೂ ತರಬೇಡ."