ತಣ್ಣೀರಿನ ಗಂಡುಗಲಿ

ಗ್ಯಾಸ್ ಗೀಸರ್ ಕೆಟ್ಟ ದಿನವೇ ನಾನು ಮೀಸೆ ತಿರುವಿದೆ. "ರಿಪೇರಿ ಯಾಕೆ? ಹಿಮಾಲಯವನ್ನೇ ಕರಗಿಸಿ ತಲೆ ಮೇಲೆ ಸುರ್ಕೋತೀನಿ!"

"ಒಂದು ದಿನ ಸ್ನಾನ ತಪ್ಪಿಸಿದ್ರೂ ಚಳಿಗಾಲ ಪೂರ್ತಿ ಪಾತ್ರೆ ನೀವೇ ತೊಳೀಬೇಕು ರೀ," ಎಂದು ಹೆಂಡತಿ ಪಂಥ ಕಟ್ಟಿದಳು.

ಅಂದಿನಿಂದ ದಿನವೂ ಬೆಳಿಗ್ಗೆ ಬಚ್ಚಲಿನ ನಲ್ಲಿ ತಿರುಗಿಸಿ, ಏಳು ಬೀದಿಗೆ ಕೇಳುವಂತೆ "ಹರಹರಾ!" ಎಂದು ಗರ್ಜಿಸಿದೆ. ನನ್ನ ಆರ್ಭಟಕ್ಕೆ ಪಕ್ಕದ ಮನೆಯ ನಾಯಿ ಊರನ್ನೇ ಬಿಟ್ಟಿತು.

ಇವತ್ತೂ ಹಲ್ಲು ಕಟಕಟಿಸುತ್ತ ಹೊರಬಂದೆ. "ಅದು ನೀರಲ್ಲ ಕಣೇ, ಮಂಜುಗಡ್ಡೆ! ಬೇರೆಯವರಾಗಿದ್ರೆ ಹೆಣ ಬೀಳ್ತಿತ್ತು."

ಅವಳು ನನ್ನ ಹೆಗಲ ಮೇಲಿನ ಒಣ ಟವೆಲ್ ಮುಟ್ಟಿ ನೋಡಿದಳು.

"ಮೆಕ್ಯಾನಿಕ್ ಸೋಮವಾರಾನೇ ಬಂದು ಗೀಸರ್ ಸರಿ ಮಾಡಿ ಹೋದ ರೀ. ಆವತ್ತಿಂದ ಆ ನಲ್ಲೀಲಿ ಬರ್ತಿರೋದು ಬಿಸಿನೀರು!"